ಚೌಕಿಯ ಬಾಗಿಲಲ್ಲಿ ನಿಂತಿದ್ದ ಹುಡುಗ

ಗಣಿತ ಮಾಷ್ಟ್ರು ತೀರಿಕೊಂಡ ಸುದ್ದಿ ಬಂದದ್ದು ಆಟಿ ತಿಂಗಳ ಒಂದು ಮಧ್ಯಾಹ್ನ. ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಎದುರಿಗಿಟ್ಟುಕೊಂಡು ಕೂತಿದ್ದೆ. ರಾತ್ರಿಯೇ ಹೊರಟೆ. ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿದು ಬದಿಯಡ್ಕದ ಬಸ್ಸು ಹತ್ತಿದರೆ ಧಾರಾಕಾರ ಮಳೆ, ಕಿಟಕಿಯ ಶಟರ್ ಎಳೆದು ಕತ್ತಲಲ್ಲಿ ಕೂತವನಿಗೆ ದಾರಿಯುದ್ದಕ್ಕೂ ಕಣ್ಣೆದುರು ಬಂದದ್ದು ಪಾಠ ಮಾಡುವ ಮಾಷ್ಟ್ರಲ್ಲ, ಯಕ್ಷಗಾನದ ಆಟ ನಡೆಸುವ ಭಾಗವತರಾಗಿ ಜಾಗಟೆ ಹಿಡಿದು ಪದ್ಯ ಹೇಳುವ ಮಾಷ್ಟ್ರು.

ನಮ್ಮದು ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಕನ್ನಡ ಮೀಡಿಯಂ ಶಾಲೆ. ಅಲ್ಲಿ ಕಲಿತ ಸಮೀಕರಣ, ಪ್ರಮೇಯ ಯಾವುದೂ ಈಗ ನೆನಪಿಲ್ಲ. ಒಂದೇ ಬ್ಯಾಟರಿ ಕೊಟ್ಟು ನಲವತ್ತು ಮಕ್ಕಳ ಕೈಯಲ್ಲೂ ಬಲ್ಬು ಉರಿಸಿದ ವಿಜ್ಞಾನದ ಟೀಚರ್ ನೆನಪಿದ್ದಾರೆ. ಮತ್ತೆ, ಮಾಷ್ಟ್ರು ಆಡಿಸಿದ ಯಕ್ಷಗಾನ.

ಎಂಟನೇ ಕ್ಲಾಸಿನ ವಾರ್ಷಿಕೋತ್ಸವ. ರಾಮಾಯಣದ ಶೂರ್ಪನಖಿಯ ಭಾಗ. ಹುಡುಗರು ಕಡಿಮೆ ಇದ್ದುದರಿಂದ ರಾಕ್ಷಸಿ ಶೂರ್ಪನಖಿಯೂ ಮಾಯಾ ಶೂರ್ಪನಖಿಯೂ ಒಬ್ಬನೇ. ಅವನು ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ಕೋರೆ ಹಲ್ಲು ಕಿತ್ತು, ಬಣ್ಣ ತೊಳೆದು, ಸೀರೆ ಉಟ್ಟು ಬರುವವರೆಗೆ ರಾಮ, ಸೀತೆ, ಲಕ್ಷ್ಮಣರು ಆಟ ನಡೆಸಬೇಕು. ಆಮೇಲೆ ಇಬ್ಬರು ತೆರೆ ಹಿಡಿಯುತ್ತಾರೆ, ವೇಷ ತೆರೆಯ ಹಿಂದೆ ಬಂದು ನಿಲ್ಲುತ್ತದೆ. ನನ್ನ ಕೆಲಸ ಚೌಕಿಯ ಬಾಗಿಲಲ್ಲಿ ನಿಂತು 'ವೇಷ ತಯಾರು' ಅಂತ ಮಾಷ್ಟ್ರಿಗೆ ಕೈ ತೋರಿಸುವುದು.

ಅದೇ ವಾರ ಆ ಹುಡುಗ, ನಾನು ಪಕ್ಕದ ಗುಡ್ಡೆಯಿಂದ ಗೇರುಬೀಜ ಕದ್ದದ್ದನ್ನು ಮನೆಗೆ ಹೇಳಿ ಪೆಟ್ಟು ತಿನ್ನಿಸಿದ್ದ. ಸಿಟ್ಟಿತ್ತು. ಸೀರೆ ಸುತ್ತಿ ಆಗಿತ್ತು, ಮುಖ ಅರ್ಧ ತೊಳೆದಿತ್ತು. ನಾನು ಕೈ ಎತ್ತಿಬಿಟ್ಟೆ. ಮಾಷ್ಟ್ರು ಚೆಲುವೆಯ ವರ್ಣನೆಯ ಪದ್ಯ ಎತ್ತಿದರು, ಗಡಿಬಿಡಿಯಲ್ಲಿ ಅವನನ್ನು ಯಾರೋ ದೂಡಿದರು, ತೆರೆ ಇಳಿಯಿತು. ಸೀರೆಯ ಮೇಲೆ ಕಪ್ಪು ಕೆಂಪು ಮುಖ, ಬಾಯಲ್ಲಿ ಒಂದು ಕೋರೆ ಹಲ್ಲು. ಇಡೀ ಅಂಗಳ ನಕ್ಕಿತು. ಮಾಷ್ಟ್ರು ಮಾತ್ರ ಗಾಬರಿಯಾಗಲಿಲ್ಲ. ಚೆಂಡೆಗೆ ಸನ್ನೆ ಮಾಡಿ, ತೆರೆ ಮತ್ತೆ ಎತ್ತಿಸಿ, ರಾಮ ಸೀತೆಯರ ಹಿಂದಿನ ಪದ್ಯಕ್ಕೇ ಹಿಂದಿರುಗಿದರು. ಆಟ ನಿಲ್ಲಲಿಲ್ಲ.

ಮರುದಿನ ಬೆತ್ತ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸೀಮೆಸುಣ್ಣ. ಬೋರ್ಡಿನಲ್ಲಿ ವೃತ್ತ ಬರೆಸಿದರು: ಬಣ್ಣ ತೊಳೆಯುವುದು, ಸೀರೆ, ಜಡೆ, ತೆರೆಯ ಹಿಂದೆ ನಿಲ್ಲುವುದು. ಒಂದರಿಂದ ಇನ್ನೊಂದಕ್ಕೆ ಬಾಣ. ಪ್ರತಿ ಬಾಣದ ಮೇಲೆ, ಏನು ನೋಡಿದ ಮೇಲೆ ಮುಂದೆ ಹೋಗಬಹುದು ಅಂತ ಬರೆಯಬೇಕು. "ತಯಾರು ಅಂತ ಹೇಳುವವ ನೋಡಿ ಹೇಳಬೇಕು. ಹೊತ್ತಾದರೆ ಏನು ಮಾಡ್ತಿ? ಅದಕ್ಕೂ ಒಂದು ಬಾಣ ಬೇಕಲ್ವಾ?" ಇಡೀ ಪೀರಿಯಡ್ ಅದೇ ಆಯಿತು. ಅದನ್ನು ಸ್ಟೇಟ್ ಮೆಷಿನ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ.

ಈಗ ನನ್ನ ಕೆಲಸವೇ ಅದು. ಎಫ್‌ಪಿಜಿಎ ಅನ್ನುವ ಚಿಪ್ಪಿನ ಒಳಗಿನ ಸರ್ಕ್ಯೂಟನ್ನು ಕಾರ್ಖಾನೆಯಿಂದ ಹೊರಬಂದ ಮೇಲೂ ಬದಲಾಯಿಸಬಹುದು. 1985ರಲ್ಲಿ ಬಂದ ಎಕ್ಸ್‌ಸಿ2064 ಚಿಪ್ಪಿನಲ್ಲಿ ಇದ್ದದ್ದು ಬರೇ 64 ಬ್ಲಾಕ್. ಇವತ್ತಿನದರಲ್ಲಿ ಲಕ್ಷಗಟ್ಟಲೆ. ಒಂದೊಂದರಲ್ಲೂ, ಯಾವ ಇನ್‌ಪುಟ್‌ಗೆ ಯಾವ ಉತ್ತರ ಅಂತ ಸೊನ್ನೆ ಒಂದುಗಳಲ್ಲಿ ಬರೆದಿಟ್ಟ ಪುಟ್ಟ ಕೋಷ್ಟಕ. ನಾಲ್ಕು ಇನ್‌ಪುಟ್ ಇದ್ದರೆ 16 ಬಿಟ್, ಆರು ಇದ್ದರೆ 64. ಆ ಬಿಟ್‌ಗಳನ್ನು ಬದಲಿಸಿದರೆ ಅದೇ ಜಾಗ ಬೇರೆ ಕೆಲಸ ಮಾಡುತ್ತದೆ. ಚಿಪ್ಪಿನ ಒಂದು ಭಾಗ ಓಡುತ್ತಿರುವಾಗಲೇ ಇನ್ನೊಂದು ಭಾಗದ ವೇಷ ಬದಲಿಸಬಹುದು. ಬದಲಿಸುವುದು ಸುಲಭ, 32 ಬಿಟ್ ಅಗಲದ ದಾರಿಯಲ್ಲಿ 100 ಮೆಗಾಹರ್ಟ್ಸ್ ವೇಗದಲ್ಲಿ ಒಂದು ಮೆಗಾಬೈಟ್ ಬರೆಯಲು ಹೆಚ್ಚು ಕಡಿಮೆ 2.5 ಮಿಲಿಸೆಕೆಂಡ್ ಸಾಕು. ಕಷ್ಟ ಇರುವುದು ಅದನ್ನು ನಡೆಸುವ ಕಂಟ್ರೋಲರ್‌ನಲ್ಲಿ. ಹಳೆ ಕೆಲಸ ಮುಗಿಯಿತಾ ಕೇಳಬೇಕು, ಆ ಭಾಗದ ಸಿಗ್ನಲ್‌ಗಳನ್ನು ಹೊರಗಿನಿಂದ ಬೇರ್ಪಡಿಸಬೇಕು, ಬರೆಯಬೇಕು, ಬರೆದದ್ದು ಸರಿಯಿದೆಯಾ ಅಂತ ಸಿಆರ್‌ಸಿ ಅನ್ನುವ ತಾಳೆ ಲೆಕ್ಕ ನೋಡಬೇಕು, ರೀಸೆಟ್ ಕೊಡಬೇಕು, ಆಮೇಲಷ್ಟೇ ಜೋಡಿಸಬೇಕು. ತಪ್ಪಿದರೆ ಗೊತ್ತಿರುವ ಹಳೆಯ ಸರ್ಕ್ಯೂಟಿಗೆ ಮರಳಬೇಕು.

ನನ್ನ ಹಿಂದಿನ ಕಂಪನಿಯಲ್ಲಿ ಒಂದು ಬೋರ್ಡ್ ದಿನಕ್ಕೆ ಎರಡು ಮೂರು ಸಲ ಸುಮ್ನೆ ನಿಂತುಬಿಡುತ್ತಿತ್ತು. ಅನುಭವಿಗಳೆಲ್ಲ ನೋಡಿ ಕೈಬಿಟ್ಟಿದ್ದರು. ಮೂರನೇ ದಿನ ನಾನೇ ಹಿಡಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಬದಲಾಗುತ್ತಿರುವ ಭಾಗದ ಒಂದು ತಂತಿ ನೇರ ಬಸ್ಸಿಗೆ, ಅಂದರೆ ಚಿಪ್ಪಿನ ಭಾಗಗಳ ನಡುವೆ ಡೇಟಾ ಸಾಗಿಸುವ ತಂತಿಗಳ ಗುಂಪಿಗೆ, ಸೇರಿತ್ತು. ಬರೆಯುವ ಹೊತ್ತಿನಲ್ಲಿ ಆ ತಂತಿ ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು, ಬಸ್ಸು ಅದನ್ನು ನಿಜವಾದ ಡೇಟಾ ಅಂತ ನಂಬುತ್ತಿತ್ತು. ಅಲ್ಲಿ ತೆರೆ ಹಿಡಿದಿರಲಿಲ್ಲ, ಅಷ್ಟೇ. ನನಗೆ ಕಂಡದ್ದು ಅರ್ಧ ತೊಳೆದ ಆ ಮುಖ.

ಈಗ ನನ್ನ ತಂಗಿಯ ಮಗ ಕಲಿಯುವ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಇದೆ, ಚೆಂದದ ಪರದೆ ಇದೆ. ಆದರೆ ಕನ್ನಡ ಮೀಡಿಯಂ ಮಕ್ಕಳಿಗೆ ಗಣಿತ ಹೇಳಲು ಬಂದವರಿಗೆ ಕನ್ನಡ ಬರುವುದಿಲ್ಲ. ಮಕ್ಕಳು ಉತ್ತರ ಬಾಯಿಪಾಠ ಮಾಡುತ್ತವೆ. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಡಾನ್ಸ್, ಪೆನ್‌ಡ್ರೈವ್ ಹಾಕಿದರೆ ಆಯಿತು. ತಪ್ಪು ಮಾಡಿದ ಹುಡುಗನಿಗೆ ಒಂದು ಇಡೀ ಪೀರಿಯಡ್ ಕೊಡುವಷ್ಟು ಪುರುಸೊತ್ತು ಯಾರಿಗಿದೆ? ಬೇಜಾರಾಗುತ್ತದೆ.

ಕಳೆದ ಓಣಂ ರಜೆಯಲ್ಲಿ ಮಾಷ್ಟ್ರ ಮನೆಗೆ ಹೋಗಿ ನನ್ನ ಕಂಟ್ರೋಲರ್‌ನ ಚಿತ್ರ ತೋರಿಸಿದ್ದೆ. ಜಗಲಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಬಾಣ ಬಾಣವನ್ನೂ ಬೆರಳಿಟ್ಟು ನೋಡಿದರು. ಕೊನೆಗೆ ಕೇಳಿದರು: "ಎಲ್ಲ ಸರಿ. ಭಾಗವತನೇ ತಪ್ಪಿದರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಟ್ರೋಲರ್ ಕೂಡ ಅದೇ ಚಿಪ್ಪಿನೊಳಗೆ ಇರುವುದು, ಅದರ ಬಿಟ್ ಕೂಡ ಸೊನ್ನೆ ಇದ್ದದ್ದು ಒಂದಾಗಿ ಬದಲಾಗಿಬಿಡಬಹುದು. ಬೆಂಗಳೂರಿಗೆ ಬಂದು ಮತ್ತೆ ಬರೆದೆ. ಈಗ ಅದರ ಮೂರು ಪ್ರತಿ ಒಟ್ಟಿಗೆ ಓಡುತ್ತವೆ, ಎರಡು ಹೇಳಿದ್ದೇ ಮಾತು. ಸುದ್ದಿ ಬಂದ ಆ ಮಧ್ಯಾಹ್ನ ನನ್ನ ಎದುರಿಗಿದ್ದದ್ದು ಅದೇ ಬೋರ್ಡ್. ಒಂದು ಪ್ರತಿಯನ್ನು ಬೇಕೆಂದೇ ಕೆಡಿಸಿ ನೋಡುತ್ತಿದ್ದೆ. ಆಟ ನಿಂತಿರಲಿಲ್ಲ.