ಮಂತ್ರಮಾಂಗಲ್ಯ ಬಳಗ: ಈ ವರ್ಷದ ಕೆಲಸ ಎಲ್ಲಿಗೆ ಬಂತು

ಅರಸೀಕೆರೆಯಲ್ಲಿ ನಾವು ಕೆಲವರು ಕಟ್ಟುತ್ತಿರುವ ಈ ಬಳಗಕ್ಕೆ ಇರುವುದು ಒಂದೇ ಕೆಲಸ. ಜಾತಿ, ವರದಕ್ಷಿಣೆ, ಮುಹೂರ್ತಗಳ ಹಂಗಿಲ್ಲದೆ ಮದುವೆಯಾಗಲು ಬಯಸುವವರ ಜೊತೆ ನಿಲ್ಲುವುದು.

ಮೊದಲು ಮದುವೆಯ ಪ್ರತಿಜ್ಞೆಗಳನ್ನು ಓದಿಸುವವರ ವಿಷಯ. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ, ಅಂದರೆ ತಾವೇ ರೂಪಿಸಿದ ಸರಳ ಮದುವೆಯ ವಿಧಾನದಲ್ಲಿ ನಡೆಸಿದರು. ಇದರಲ್ಲಿ ಪುರೋಹಿತರಿಲ್ಲ, ಕನ್ಯಾದಾನವಿಲ್ಲ. ಊರಿನ ಯಾರಾದರೂ ಓದಿಸಬಹುದು, ಅದೇ ಇದರ ದೊಡ್ಡತನ. ಅಂಗನವಾಡಿ ಕಾರ್ಯಕರ್ತೆಯೊಬ್ಬರು, ನಿವೃತ್ತ ಮೇಷ್ಟರೊಬ್ಬರು ಈಗ ಚೆನ್ನಾಗಿ ಪಳಗಿದ್ದಾರೆ. ವಧೂವರರು ತಮ್ಮ ಬಾಯಿಂದಲೇ ಹೇಳಬೇಕಾದ್ದರಿಂದ ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸಿ ಓದಿಸುತ್ತಾರೆ. ಕುವೆಂಪು ಅವರ ಊರಾದ ಕುಪ್ಪಳಿಗೆ ಹೋಗಿ ಮದುವೆಯಾಗುವವರು ಬಹಳ ಮಂದಿ. ಆದರೆ ನಮಗೆ ಅದು ಇಲ್ಲೇ, ಓಣಿಯವರ ಕಣ್ಣೆದುರು ನಡೆಯಬೇಕೆಂಬ ಆಸೆ.

ಕಷ್ಟವಿರುವುದು ಕಾಗದಪತ್ರದ ಹಂತದಲ್ಲಿ. 1954ರ ವಿಶೇಷ ವಿವಾಹ ಕಾಯ್ದೆಯಂತೆ ಮದುವೆಯಾಗುತ್ತೇವೆಂದು ವಿವಾಹ ಅಧಿಕಾರಿಗೆ ಮೊದಲು ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಆಕ್ಷೇಪಣೆಗೆ 30 ದಿನ ಕಾಲಾವಕಾಶ. ಆಮೇಲೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಘೋಷಣೆ. ಆ ತಿಂಗಳಲ್ಲೇ ಸುದ್ದಿ ಮನೆ ಮುಟ್ಟುತ್ತದೆ, ಹುಡುಗಿಯ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಸಂಬಂಧಿಕರ ಪಂಚಾಯಿತಿ ಸೇರುತ್ತದೆ. ಕಾನೂನು ಕೊಟ್ಟ ಹಕ್ಕನ್ನು ನಡುಮನೆಯಲ್ಲೇ ಕಸಿದುಕೊಳ್ಳುವುದು ಹೀಗೆ. ಆದ್ದರಿಂದ ಜೋಡಿ ಒಪ್ಪಿದರೆ ನೋಟಿಸ್‌ಗೂ ಮುನ್ನ ನಾವೇ ಹಿರಿಯರನ್ನು ಕಂಡು ಮಾತನಾಡುತ್ತೇವೆ. ಒಪ್ಪದಿದ್ದರೆ ಆ ಮನೆಯ ಕಡೆ ತಲೆಹಾಕುವುದಿಲ್ಲ. ತೀರ್ಮಾನ ಅವರದು.

ಬೇಸಿಗೆಯಲ್ಲಿ ನಡೆದ ಮದುವೆಯಲ್ಲಿ ವಧುವಿನ ಅಜ್ಜಿ ಕೇಳಿದರು: “ಸೋಬಾನೆಯನ್ನಾದರೂ ಹಾಡಬಹುದೇನಪ್ಪಾ?” ಖಂಡಿತ ಹಾಡಿ ಅಜ್ಜಿ ಎಂದೆವು. ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು. ಮದುವೆಗೇ ಬರುವುದಿಲ್ಲ ಎಂದಿದ್ದ ಸೋದರಮಾವ ಆ ಹಾಡು ಕೇಳಿ ಚಪ್ಪರದೊಳಗೆ ಬಂದು ಕುಳಿತರು. ಅಂದಿನಿಂದ ಸೋಬಾನೆಗೆಂದೇ ಸಮಯ ಇಡುತ್ತಿದ್ದೇವೆ. ತಾಳಿಯ ವಿಚಾರವನ್ನು ವಧುವಿಗೇ ಬಿಟ್ಟಿದ್ದೇವೆ.

ಚುನಾವಣೆಯ ಹೊತ್ತಿಗೆ ಒಬ್ಬರು ಬಂದು, ಸಾಮೂಹಿಕ ವಿವಾಹ ಮಾಡಿ, ಖರ್ಚೆಲ್ಲ ನಮ್ಮದು ಎಂದರು. ಬೇಡವೆಂದೆವು, ಬಳಗದಲ್ಲಿ ಯಾರಿಗೂ ಎರಡನೆಯ ಮಾತಿರಲಿಲ್ಲ. ಜ್ಯೋತಿಬಾ ಫುಲೆಯವರು 1873ರಲ್ಲಿ ಪುರೋಹಿತರಿಲ್ಲದ ಮದುವೆ ಆರಂಭಿಸಿದಾಗ ಯಾವ ಶಾಸಕರ ಅಪ್ಪಣೆಗೂ ಕಾಯಲಿಲ್ಲ. ತಮಿಳುನಾಡಿನಲ್ಲಿ ಇಂಥದೇ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 1967ರಲ್ಲಿ. ಜನ ದಶಕಗಳ ಕಾಲ ಹಾಗೆ ಮದುವೆಯಾಗುತ್ತಲೇ ಇದ್ದರು, ಕಾನೂನು ಅವರ ಹಿಂದೆ ಬಂತು. ಓಟಿಗಾಗಿ ಬಂದವರು ಫಲಿತಾಂಶದ ಮರುದಿನ ಹುಡುಗಿಯ ಮನೆ ಬಾಗಿಲಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯವರು ನಿಲ್ಲುತ್ತಾರೆ.

ಸದ್ಯ ಬಾಣಾವರದ ಒಂದು ಜೋಡಿಯ ನೋಟಿಸ್ ಅವಧಿ ನಡೆಯುತ್ತಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಬರಬಲ್ಲ ಸಾಕ್ಷಿಗಳು ಇನ್ನೂ ಬೇಕು. ಕಣಕಟ್ಟೆ ಕಡೆಯ ಇಬ್ಬರು ತರುಣಿಯರು ಓದಿಸುವುದನ್ನು ಕಲಿಯಲು ಬರುತ್ತಿದ್ದಾರೆ.