ಬೆಳಕು ಹೆಚ್ಚಾದ ರಾತ್ರಿ

ಸಂಜೆಯಾದರೆ ವೋಲ್ಟೇಜ್ ಇಳಿದು ತೋಟದ ಪಂಪು ನರಳುವ ಊರು ನಮ್ಮದು. ಇಲ್ಲಿ ಹುಟ್ಟಿ ಬೆಳೆದವನಿಗೆ ವೋಲ್ಟೇಜ್ ಹೆಚ್ಚಾಗುವುದೂ ಒಂದು ಕಾಯಿಲೆ ಎಂದು ಹೊಳೆಯುವುದಾದರೂ ಹೇಗೆ?

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನು ಒಂದು ವಾರವಿತ್ತು. ಕಾಸರಗೋಡಿನ ಮಧೂರಿನ ಕಡೆ ಯಕ್ಷಗಾನದ ಆಟ ನೋಡಿ, ಬದಿಯಡ್ಕದ ಹಾದಿಯಾಗಿ ಮುಳ್ಳೇರಿಯಕ್ಕೆ ಹಿಂದಿರುಗುತ್ತಿದ್ದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಡ್‌ಲೈಟ್ ಬೆಳ್ಳಗೆ ಉರಿಯುತ್ತಿತ್ತು. ನನ್ನ ಹಳೆಯ ಕಾರಿಗೆ ಯೌವನ ಮರಳಿತೆಂದು ಹಿಗ್ಗಿದೆ. ನಡುವೆ ಒಂದು ನಾತ ಬಂತು. ಯಾರದೋ ಅಂಗಳದಲ್ಲಿ ನೆನೆಹಾಕಿದ ನೀರಡಕೆ ಇರಬೇಕೆಂದು ಗಾಜು ಏರಿಸಿದೆ. ನಾತ ಇನ್ನೂ ಹೆಚ್ಚಾಯಿತು! ಮನೆ ಮುಟ್ಟಿ ಬಾನೆಟ್ ಎತ್ತಿದರೆ ಬ್ಯಾಟರಿ ಕೈ ಇಡಲಾರದಷ್ಟು ಬಿಸಿ. ಮೊಟ್ಟೆ ತಿನ್ನದ ಮನೆಯವನಿಗೂ ಅದು ಕೊಳೆತ ಮೊಟ್ಟೆಯ ವಾಸನೆಯೆಂದು ತಿಳಿಯಿತು.

ಬೆಳಿಗ್ಗೆ ಬಂದ ಮೆಕ್ಯಾನಿಕ್ ಹೆಡ್‌ಲೈಟ್ ಹಾಕಿಸಿ ಬ್ಯಾಟರಿಗೆ ಮೀಟರ್ ಹಿಡಿದ. ಎಂಜಿನ್ ನಿಧಾನವಾಗಿ ತಿರುಗುವಾಗ 13.9 ವೋಲ್ಟ್. ವೇಗ ಹೆಚ್ಚಿಸಿದರೆ 15, ಮತ್ತೆ 16.3. "14.5ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು, ರೆಗ್ಯುಲೇಟರ್ ಹೋಗಿದೆ" ಎಂದ.

ರೆಗ್ಯುಲೇಟರ್ ಎಂದರೆ ತೊಟ್ಟಿಯ ತೂತಿನ ಹಾಗೆ ಎಂದು ನಾನು ಭಾವಿಸಿದ್ದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತೊಟ್ಟಿಗೆ ಬೀಳುತ್ತದೆ, ಹೆಚ್ಚಾದದ್ದು ಮೇಲಿನ ತೂತಿನಿಂದ ತೋಡಿಗೆ ಹೋಗುತ್ತದೆ. ಹಾಗೆಯೇ ಹೆಚ್ಚಿನ ಕರೆಂಟನ್ನೂ ಎಲ್ಲಿಗೋ ಬಿಡುತ್ತಾರೆಂದು. ಅವನು ನಕ್ಕು, ಮಲಯಾಳ ಬೆರೆತ ಕನ್ನಡದಲ್ಲಿ ಬಿಡಿಸಿ ಹೇಳಿದ. ಎಂಜಿನ್ನಿನ ಬಲದಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನೊಳಗೆ ತಿರುಗುವ ರೋಟರ್ ಹುಟ್ಟು ಅಯಸ್ಕಾಂತವಲ್ಲ. ಎರಡು ಇಂಗಾಲದ ಬ್ರಷ್‌ಗಳ ಮೂಲಕ ಅದರ ಸುರುಳಿಗೆ ಕೆಲವೇ ಆಂಪಿಯರ್ ಕರೆಂಟ್ ಕೊಟ್ಟಾಗಷ್ಟೇ ಅಯಸ್ಕಾಂತವಾಗುತ್ತದೆ. ಹೊರಗಿನ ಸುರುಳಿಗಳಲ್ಲಿ ಹುಟ್ಟುವ ಹತ್ತಾರು ಆಂಪಿಯರ್‌ನ ಲಗಾಮು ಆ ಚಿಕ್ಕ ಕರೆಂಟಿನ ಕೈಯಲ್ಲಿದೆ. ಎಂಜಿನ್ ಜೋರಾಗಿ ವೋಲ್ಟೇಜ್ ಏರಿತೋ, ರೆಗ್ಯುಲೇಟರ್ ಆ ಚಿಕ್ಕ ಕರೆಂಟನ್ನು ಸೆಕೆಂಡಿಗೆ ನೂರಾರು ಬಾರಿ ಕಡಿದು ಕಡಿದು ಕೊಟ್ಟು ಅಯಸ್ಕಾಂತದ ಬಲ ಕುಗ್ಗಿಸುತ್ತದೆ. ಅಂದರೆ ತೊಟ್ಟಿಯ ಬಳಿ ಕಾಯುವ ಬದಲು ಗುಡ್ಡದೊಳಗಿನ ಒರತೆಗೇ ಸಾಕೆಂದು ಹೇಳುವ ಏರ್ಪಾಡು. ನಾವು ತೋಟದವರು ಕನಸಿನಲ್ಲೂ ಯೋಚಿಸದ ಜಾಣತನ!

ನನ್ನ ಕಾರಿನಲ್ಲಿ ರೆಗ್ಯುಲೇಟರಿನೊಳಗೆ ಕರೆಂಟ್ ಕಡಿಯುವ ಟ್ರಾನ್ಸಿಸ್ಟರ್ ಶಾರ್ಟ್ ಆಗಿ, ರೋಟರಿಗೆ ಸದಾ ಪೂರ್ತಿ ಕರೆಂಟ್ ಹೋಗುತ್ತಿತ್ತು. ಒರತೆಗೆ ತಡೆಯೇ ಇರಲಿಲ್ಲ. ಬ್ಯಾಟರಿಯ ನೀರು ಜಲಜನಕ, ಆಮ್ಲಜನಕವಾಗಿ ಒಡೆದು ಹಾರುತ್ತಿತ್ತು. ನಾನೋ, ವಾರವಾರವೂ ಡಿಸ್ಟಿಲ್ಡ್ ನೀರು ತುಂಬಿಸಿ, ಕಾರನ್ನು ಹೀಗೆ ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಬೀಗುತ್ತಿದ್ದೆ. ತಿಂಗಳಲ್ಲಿ ಎರಡು ಬಲ್ಬ್ ಸುಟ್ಟಾಗ ಅಂಗಡಿಯ ಹುಡುಗನೊಡನೆ ಜಗಳವನ್ನೂ ಆಡಿದ್ದೆ. ಅವನ ಮುಖ ನೋಡಲು ಈಗಲೂ ಸಂಕೋಚ.

ಹೊಸ ರೆಗ್ಯುಲೇಟರ್ ಕೂರಿಸಿದ ಮೇಲೆ ಎಂಜಿನ್ ಎಷ್ಟೇ ಗರ್ಜಿಸಿದರೂ ಮೀಟರ್ 14.2 ಬಿಟ್ಟು ಅಲುಗಲಿಲ್ಲ. ಅಂದು ರಾತ್ರಿ ಹೆಂಡತಿಯನ್ನು ಕೂರಿಸಿಕೊಂಡು ಪೇಟೆಗೆ ಹೊರಟೆ. ತಿರುವಿನಲ್ಲಿ ಅವಳು ಮುಂದೆ ಬಾಗಿ ರಸ್ತೆ ನೋಡಿ, "ದುಡ್ಡು ಕೊಟ್ಟು ಬೆಳಕು ಕಡಿಮೆ ಮಾಡಿಸಿಕೊಂಡು ಬಂದಿರಾ?" ಎಂದಳು.