ಸರ್ವೇಯರ್ ಕೇಳಿದ ದಿನಾಂಕ

ಈ ವಾರ ವಿಮಾ ಸರ್ವೇಯರ್ ಬೆಂಗಳೂರಿನ ನಮ್ಮ ಅಕ್ಕನ ಫ್ಲ್ಯಾಟಿಗೆ ಬಂದು, ಮಲಗುವ ಕೋಣೆಯ ಗೋಡೆಯಲ್ಲಿ ಉಬ್ಬಿ ಉದುರುತ್ತಿದ್ದ ಬಣ್ಣವನ್ನು ಬಹಳ ಹೊತ್ತು ಪರೀಕ್ಷಿಸಿ, "ಇದು ಯಾವ ದಿನ ಆದದ್ದು, ಮೇಡಂ?" ಎಂದು ಕೇಳಿದರು. "ಹೋದ ಮಳೆಗಾಲದಿಂದಲೂ ಇದೆ ಸರ್, ಸ್ವಲ್ಪ ಸ್ವಲ್ಪವೇ ಹರಡಿತು" ಎಂದಳು ಅಕ್ಕ. "ಹಾಗಾದರೆ ಕ್ಲೈಮ್ ಆಗುವುದು ಕಷ್ಟ. ನೀವು ಬಿಲ್ಡರನ್ನೇ ಕೇಳಬೇಕು" ಎಂದು ಅವರು ನೇರವಾಗಿ ಹೇಳಿಬಿಟ್ಟರು.

ಯಾವ ದಿನ ಆದದ್ದು? ವಿಮೆಯ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ. ಅಕ್ಕನದು ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯ ಪಾಲಿಸಿ; 2021ರ ಏಪ್ರಿಲ್‌ನಿಂದ ದೇಶದಲ್ಲಿ ಜಾರಿಯಲ್ಲಿರುವ ಈ ಬಗೆಯ ಪಾಲಿಸಿ ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಮೊದಲಾದ, ಹಠಾತ್ತಾಗಿ ಒದಗುವ ಅವಘಡಗಳಿಗೆ ಪರಿಹಾರ ಕೊಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತ ಮನೆಗಳಿಗೆ ನೀರು ನುಗ್ಗಿದಾಗ ದಿನ ಯಾವುದೆಂಬ ಸಂಶಯಕ್ಕೆ ಆಸ್ಪದವೇ ಇರಲಿಲ್ಲ. ಮೇಲಿನ ಮನೆಯ ಬಚ್ಚಲಿಗೆ ಸರಿಯಾಗಿ ವಾಟರ್‌ಪ್ರೂಫಿಂಗ್ ಮಾಡದ ಕಾರಣ ತಿಂಗಳುಗಟ್ಟಲೆ ಇಳಿದ ತೇವಕ್ಕೆ ಅಂಥ ದಿನವಿಲ್ಲ. ಅದು ಕಟ್ಟಿದವರ ಕೆಲಸದ ದೋಷ.

ನನಗೆ ಸಿಟ್ಟು ಬಂದದ್ದು ಬಿಲ್ಡರ್ ಕಚೇರಿಯ ವ್ಯಕ್ತಿಯ ಮೇಲೆ. "ನಮ್ಮ ವಾರಂಟಿ ಒಂದೇ ವರ್ಷ ಮೇಡಂ, ಬ್ಯಾಂಕಿನವರು ಇನ್ಶೂರೆನ್ಸ್ ಮಾಡಿಸಿರುತ್ತಾರಲ್ಲ, ಅದರಲ್ಲೇ ತಗೊಳ್ಳಿ" ಎಂದು ಅವರು ಅಕ್ಕನಿಗೆ ಬಲು ನಯವಾಗಿ ಹೇಳಿ ಕಳಿಸಿದ್ದರು. ಹಣ ಸಿಗುವುದಿಲ್ಲವೆಂದ ಸರ್ವೇಯರ್ ನಿಜ ಹೇಳಿದರು. ನಗುನಗುತ್ತಾ ಮಾತನಾಡಿದವರು ಕಾನೂನನ್ನೇ ಮುಚ್ಚಿಟ್ಟರು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಮನೆಯನ್ನು ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ರಚನೆಯ ಅಥವಾ ಕಾಮಗಾರಿಯ ದೋಷವನ್ನು ಗಮನಕ್ಕೆ ತಂದರೆ, ನಿರ್ಮಾಣದಾರರು ಹೆಚ್ಚುವರಿ ಹಣ ಕೇಳದೆ 30 ದಿನಗಳಲ್ಲಿ ಸರಿಪಡಿಸಬೇಕು. ಅಕ್ಕ ಬೀಗದ ಕೈ ಪಡೆದು ಇನ್ನೂ ನಾಲ್ಕು ವರ್ಷ ತುಂಬಿಲ್ಲ.

ದುಡಿಮೆಯ ಉಳಿತಾಯವನ್ನೆಲ್ಲ ಸುರಿದು ಮನೆ ಕೊಳ್ಳುವ ಜನರಿಗೆ ವಿಮೆ ಯಾವುದಕ್ಕೆ, ಬಿಲ್ಡರ್ ಹೊಣೆ ಯಾವುದಕ್ಕೆ ಎಂಬ ವ್ಯತ್ಯಾಸವನ್ನು ಬೀಗದ ಕೈ ಕೊಡುವಾಗಲೇ ಯಾರಾದರೂ ಕೂರಿಸಿಕೊಂಡು ವಿವರಿಸಬೇಕಿತ್ತು. ವಿಮಾ ಮೊತ್ತವೆಂದರೆ ಮನೆ ಕೊಂಡ ಬೆಲೆಯೆಂದೇ ಅಕ್ಕ ತಿಳಿದಿದ್ದಳು. ಅದು ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚ, ಅದರಲ್ಲಿ ನೆಲದ ಬೆಲೆ ಸೇರುವುದಿಲ್ಲ ಎಂಬುದನ್ನೂ ಹೇಳಿದವರು ಆ ಸರ್ವೇಯರೇ.

ನಿನ್ನೆ ಗೋಡೆಯ ಚಿತ್ರಗಳನ್ನೂ ಸ್ವಾಧೀನ ಪತ್ರದ ಪ್ರತಿಯನ್ನೂ ಲಗತ್ತಿಸಿ, ಕಲಮಿನ ಸಂಖ್ಯೆಯನ್ನು ನಮೂದಿಸಿ, ಬಿಲ್ಡರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿದ್ದೇವೆ. ಕಾಯ್ದೆ ಹೇಳಿದ ಗಡುವಿನೊಳಗೆ ದುರಸ್ತಿಯಾಗದಿದ್ದರೆ ಅಕ್ಕ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತಾಳೆ.